ದಾನದ ಪೆಟ್ಟಿಗೆಗಳನ್ನು ವಿಂಗಡಿಸಿದ ಭಾನುವಾರ

2 ಏಪ್ರಿಲ್ 2023, ಬ್ಲಾಂಟೈರ್, ಮಲಾವಿ

ಫ್ರೆಡ್ಡಿ ಚಂಡಮಾರುತ ಬಡಿದು ಮೂರು ವಾರವಾಗುತ್ತ ಬಂದಿದೆ. ಇದೇ ಊರಿನ ಚಿಲೋಬ್ವೆ ಬಡಾವಣೆಯಲ್ಲಿ ಗುಡ್ಡ ಕುಸಿದು ಮನೆಗಳು ಕೆಸರಿನಡಿ ಹೂತುಹೋದ ಚಿತ್ರಗಳನ್ನು ಜಗತ್ತು ನೋಡಿದ ಮೇಲೆ ನೆರವಿನ ಪೆಟ್ಟಿಗೆಗಳು ಬರುತ್ತಲೇ ಇವೆ. ಆದರೆ ಈ ನಾಡಿನಲ್ಲಿ ಕಾಲರಾ 2022ರ ಮಾರ್ಚ್‌ನಿಂದಲೇ ಬೀಡುಬಿಟ್ಟಿದೆ, 1,600ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿದೆ ಎಂಬ ಸಂಗತಿ ಪೆಟ್ಟಿಗೆ ಕಟ್ಟಿದವರಲ್ಲಿ ಹೆಚ್ಚಿನವರಿಗೆ ತಿಳಿದಂತೆ ಕಾಣುವುದಿಲ್ಲ.

ಇಂದು ಚಿಕಿತ್ಸಾ ಶಿಬಿರದಲ್ಲಿ ನನ್ನ ಪಾಳಿ ಇರಲಿಲ್ಲವಾದ್ದರಿಂದ ಲಿಂಬೆ ಪೇಟೆಯ ಗೋದಾಮಿಗೆ ಹೋದೆ. ಗುಜರಾತಿ ವ್ಯಾಪಾರಸ್ಥರೊಬ್ಬರು ತಮ್ಮ ಬಟ್ಟೆ ಗೋದಾಮಿನ ಅರ್ಧಭಾಗವನ್ನು ನಮಗೆ ಬಿಟ್ಟುಕೊಟ್ಟಿದ್ದಾರೆ; ಎಲ್ಲರಿಗೂ ಅವರು ಕಾಕಾ. ಬಿಚ್ಚಿದ ಮೊದಲ ಪೆಟ್ಟಿಗೆಯಲ್ಲಿ ಯಾರೋ ನುಂಗಿ ಉಳಿಸಿದ ಗುಳಿಗೆಗಳ ಅರೆಬರೆ ಪಟ್ಟಿಗಳಿದ್ದವು. ಮತ್ತೊಂದರಲ್ಲಿ ಮುಂದಿನ ತಿಂಗಳು ಅವಧಿ ಮುಗಿಯುವ ಕೊಲೆಸ್ಟರಾಲ್ ಮಾತ್ರೆಗಳು. ದಾನವಾಗಿ ಬರುವ ಔಷಧಿಗೆ, ತಲುಪುವ ಹೊತ್ತಿಗೆ, ಕನಿಷ್ಠ ಒಂದು ವರ್ಷದ ಆಯಸ್ಸು ಉಳಿದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1996ರಿಂದಲೂ ಹೇಳುತ್ತ ಬಂದಿದೆ. ಆಮ್ಲಜನಕ ತಯಾರಿಸುವ ಯಂತ್ರವೊಂದೂ ಬಂದಿದೆ, ಹೊಳೆಯುವಷ್ಟು ಹೊಸದು. ಆದರೆ ಅದು 110 ವೋಲ್ಟಿನದು, ಇಲ್ಲಿನ ವಿದ್ಯುತ್ತು 230 ವೋಲ್ಟ್. ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ಗಿಗೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ.

ನನಗೆ ನಿಜಕ್ಕೂ ಬೇಸರ ತಂದದ್ದು ಐವಿ ಕ್ಯಾನುಲಾಗಳ, ಅಂದರೆ ಡ್ರಿಪ್ ಹಾಕಲು ನರಕ್ಕೆ ಚುಚ್ಚುವ ಸಣ್ಣ ಕೊಳವೆಗಳ, ಪೆಟ್ಟಿಗೆ. ನೂರಾರು ಕ್ಯಾನುಲಾಗಳು, ಎಲ್ಲವೂ ಹಳದಿ ಬಣ್ಣದ, ತೀರ ಸಣ್ಣ ತೂತಿನ 24 ಗೇಜಿನವು, ಅಂದರೆ ಎಳೆಗೂಸಿನ ನರಕ್ಕೆ ಹಾಕುವಂಥವು. ಕಾಲರಾದಲ್ಲಿ ಮೈಯ ನೀರೆಲ್ಲ ಬತ್ತಿ, ನಾಡಿ ಕೈಗೆ ಸಿಗದ ಸ್ಥಿತಿಯಲ್ಲಿ ಬರುವ 50 ಕಿಲೋ ತೂಕದ ರೈತನಿಗೆ ಮೊದಲ ಅರ್ಧ ಗಂಟೆಯಲ್ಲಿ ಒಂದೂವರೆ ಲೀಟರ್, ಅನಂತರದ ಎರಡೂವರೆ ಗಂಟೆಯಲ್ಲಿ ಮೂರೂವರೆ ಲೀಟರ್ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ್ರಾವಣ ನರದೊಳಕ್ಕೆ ಹರಿಯಬೇಕು. ಅಷ್ಟು ವೇಗಕ್ಕೆ ಅಗಲ ತೂತಿನ, ಹಸಿರು ಬಣ್ಣದ 18 ಗೇಜೋ ಬೂದು ಬಣ್ಣದ 16 ಗೇಜೋ ಆಗಬೇಕು. ಶಿಬಿರದ ಪ್ರತಿ ಮಂಚದ ನಡುಭಾಗದಲ್ಲಿ ರಂಧ್ರವಿದೆ, ಅದರಡಿ ಬಕೆಟ್. ಬಕೆಟ್ಟಿನಲ್ಲಿ ಎಷ್ಟು ತುಂಬಿತೆಂದು ಅಳೆದು, ಅಷ್ಟನ್ನು ಮೇಲಿಂದ ಕೊಡುತ್ತ ಹೋಗುವುದೇ ಚಿಕಿತ್ಸೆಯ ಬಹುಪಾಲು. ಎದ್ದು ಕೂತು ಕುಡಿಯುವಂತಾದೊಡನೆ ಓಆರ್‌ಎಸ್.

ಮಧ್ಯಾಹ್ನ ಹುಬ್ಬಳ್ಳಿಯಿಂದ ಭಾವನವರ ಫೋನ್ ಬಂತು. "ಏನೇನ್ ಬೇಕು ಪಟ್ಟಿ ಕಳಿಸವಾ, ನಮ್ಮ ಓಣ್ಯಾಗ ಎಲ್ಲಾರೂ ಕೂಡಿಸಿ ಕೊಡ್ತೀವಿ" ಎಂದರು. ಅವರ ಮನಸ್ಸು ದೊಡ್ಡದು, ಆದರೂ ಗುಳಿಗೆ ಬೇಡ, ಹಣವನ್ನೇ ಕಳಿಸಿರಿ ಎಂದೆ. ಇಲ್ಲಿನ ಔಷಧಿ ಅಂಗಡಿಗಳಲ್ಲಿ ಸಿಗುವ ಮಾತ್ರೆಗಳಲ್ಲಿ ಬಹಳಷ್ಟು ಭಾರತದಲ್ಲೇ ತಯಾರಾಗಿ ಬಂದವು. ಅವನ್ನೇ ಹುಬ್ಬಳ್ಳಿಯಲ್ಲಿ ಚಿಲ್ಲರೆಯಾಗಿ ಕೊಂಡು, ವಿಮಾನದ ಬಾಡಿಗೆ ತೆತ್ತು, ಔಷಧ ನಿಯಂತ್ರಣದವರ ಅನುಮತಿಗೂ ಸುಂಕದ ಕಟ್ಟೆಗೂ ಅಲೆಯುವುದರಲ್ಲಿ ಅರ್ಥವಿಲ್ಲ. ಭಾವನವರಿಗೆ ತುಸು ನಿರಾಸೆಯಾಯಿತು. ಹಣ ಕೊಟ್ಟರೆ ಕೊಟ್ಟಂತೆ ಅನ್ನಿಸುವುದಿಲ್ಲ, ಕೈಯಾರೆ ಪೊಟ್ಟಣ ಕಟ್ಟಿದರೇ ಸಮಾಧಾನ; ನಮ್ಮವರಷ್ಟೇ ಅಲ್ಲ, ಎಲ್ಲ ದೇಶದವರೂ ಹೀಗೆಯೇ ಎಂಬುದಕ್ಕೆ ಈ ಗೋದಾಮೇ ಸಾಕ್ಷಿ.

ಬಂದದ್ದರಲ್ಲಿ ಅತ್ಯಂತ ಉಪಯುಕ್ತವಾದ ಸಾಮಾನು ಬಂದಿರುವುದು ವಿದೇಶದಿಂದಲ್ಲ, ಇಲ್ಲಿನ ಚರ್ಚೊಂದರ ಹೆಂಗಸರಿಂದ: ಬಾರ್ ಸೋಪು, ಮುಚ್ಚಳವಿರುವ ಬಕೆಟ್ಟುಗಳು, ಒಗೆದು ಮಡಿಚಿದ ಚಿತೆಂಜೆಗಳು. ಚಿತೆಂಜೆಯೆಂದರೆ ಇಲ್ಲಿನ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ, ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಅಚ್ಚಿನ ಬಟ್ಟೆ. ಉಟ್ಟ ಬಟ್ಟೆಯನ್ನು ಕ್ಲೋರಿನ್ ನೀರಿಗೆ ಹಾಕಬೇಕಾಗಿ ಬಂದ ರೋಗಿಗೆ ಹೊದೆಯಲು ಬೇರೇನೂ ಇರುವುದಿಲ್ಲವೆಂಬುದು ಅವರಿಗೆ ಯಾರೂ ಹೇಳದೆಯೇ ಗೊತ್ತಿತ್ತು.

ನಾಳೆ ಫಲೋಂಬೆ ಜಿಲ್ಲೆಯ ಕಡೆಗೆ ಲಾರಿ ಹೊರಡುತ್ತದೆ. ಓಆರ್‌ಎಸ್, ಕ್ಲೋರಿನ್ ಪುಡಿ, ಸೋಪು, ಬಟ್ಟೆ, ಇಲ್ಲಿಯೇ ಕೊಂಡ ಹಸಿರು ಕ್ಯಾನುಲಾಗಳು ಅದರಲ್ಲಿ ಹೋಗುತ್ತವೆ. ಹಳದಿಯವು ಮಕ್ಕಳ ವಾರ್ಡಿಗೆ. ಅವಧಿ ಮೀರಿದ ಔಷಧಿಯನ್ನು ಕಸದ ಗುಂಡಿಗೆ ಸುರಿಯುವಂತಿಲ್ಲ, ಹೆಚ್ಚು ಉರಿಯ ಕುಲುಮೆಯಲ್ಲೇ ಸುಡಬೇಕು. ಅದರ ಖರ್ಚು ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ, ಮತ್ತು ಕಾಕಾ ತಿಂಗಳ ಕೊನೆಯೊಳಗೆ ಗೋದಾಮನ್ನು ಖಾಲಿ ಮಾಡಿಕೊಡಿರೆಂದು ಕೇಳಿದ್ದಾರೆ.