ಕಾಕಾ ಅವರನ್ನು ಇವತ್ತು ಕೇಳುವುದೇಕೆ?

12 ಆಗಸ್ಟ್ 2024, ಸೋಮವಾರ
ನವನಗರ, ಬಾಗಲಕೋಟೆ

ಶ್ರಾವಣ ಸೋಮವಾರದ ಊಟಕ್ಕೆ ಎಲ್ಲರೂ ಕಾಕಾ ಅವರ ಮನೆಯಲ್ಲಿ ಸೇರಿದ್ದೆವು. ಹೋಳಿಗೆಗೆ ತುಪ್ಪ ಬಡಿಸುವ ಹೊತ್ತಿಗೆ ಅಕ್ಕನ ಮಗ ಹಳೆಯ ಮಾತು ತೆಗೆದ. "ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೊಲ ಮುಳುಗಿದಾಗ ಸರ್ಕಾರ ಕೊಟ್ಟಷ್ಟು ಪರಿಹಾರ ತೆಗೆದುಕೊಂಡು ಸುಮ್ಮನಾದಿರಲ್ಲ, ಅಜ್ಜಾ? ಕೋರ್ಟಿಗೆ ಹೋದವರಿಗೆ ಎಷ್ಟು ಹೆಚ್ಚಿಗೆ ಬಂತು!" ಕಾಕಾ ಉತ್ತರ ಕೊಡಲಿಲ್ಲ. ನನಗೆ ಮಾತ್ರ ತುತ್ತು ಇಳಿಯಲಿಲ್ಲ.

ಹೆಚ್ಚಿನ ಪರಿಹಾರ ಬೇಕೆನ್ನುವವರು ನೋಟಿಸ್ ಕೈಸೇರಿದ 90 ದಿನಗಳೊಳಗೆ ಅರ್ಜಿ ಹಾಕಬೇಕಿತ್ತು. ಆ ದಿನಗಳಲ್ಲೇ ಹಳೆಯ ಊರಿನ ಮನೆ ಬಿಡಬೇಕಿತ್ತು, ಇಲ್ಲಿಯ ಸೈಟಿಗೆ ಪಾಯ ಹಾಕಿಸಬೇಕಿತ್ತು, ಮಗಳ ಮದುವೆ ಗೊತ್ತಾಗಿತ್ತು. ಆ ನೋಟಿಸ್ ಇನ್ನೂ ಕಾಕಾ ಅವರ ಟ್ರಂಕಿನಲ್ಲಿದೆ. ಅದರ ಹಿಂಬದಿಗೆ ಪೆನ್ಸಿಲಿನಲ್ಲಿ ಲೆಕ್ಕ ಬರೆದಿದ್ದಾರೆ: ಕಲ್ಲು, ಮರಳು, ಬಂಗಾರ, ವಕೀಲರು. ವಕೀಲರ ಮುಂದಿನ ಅಂಕಿಯ ಮೇಲೆ ಗೆರೆ ಎಳೆದಿದೆ. ಅವರು ಯೋಚಿಸದೆ ಬಿಟ್ಟವರಲ್ಲ, ಯೋಚಿಸಿ ಬಿಟ್ಟವರು. ಕೋರ್ಟಿನಲ್ಲಿ ಗೆದ್ದವರ ಹೆಸರು ಊರಿಗೆಲ್ಲ ಗೊತ್ತು. ವರ್ಷಗಟ್ಟಲೆ ತಾರೀಖಿಗೆ ಅಲೆದು, ಹಣ ಕಾಣುವ ಮೊದಲೇ ತೀರಿಕೊಂಡವರ ಹೆಸರನ್ನು ಯಾರೂ ಎತ್ತುವುದಿಲ್ಲ. ಫಲಿತಾಂಶ ಗೊತ್ತಾದ ಮೇಲೆ ಬುದ್ಧಿ ಹೇಳುವುದು ಸುಲಭ. ಎಂಬತ್ತು ದಾಟಿದ ಜೀವಕ್ಕೆ ಅದನ್ನು ಕೇಳಿಸಿಕೊಳ್ಳುವುದು ಸುಲಭವಲ್ಲ.

ಸರ್ಕಾರದ ನಿರ್ಧಾರದ ಮಾತು ಬೇರೆ. ಅದನ್ನು ಎಷ್ಟು ವರ್ಷಗಳಾದರೂ ಕೇಳಬೇಕು. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಈಗ 519.6 ಮೀಟರಿಗೆ ನಿಲ್ಲಿಸುವ ನೀರನ್ನು 524.256 ಮೀಟರಿಗೆ ಏರಿಸಬಹುದೆಂದು ರಾಜ್ಯಗಳ ನಡುವೆ ಕೃಷ್ಣಾ ನದಿ ನೀರು ಹಂಚುವ ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಹೇಳಿದೆ. ಏರಿದರೆ ಇನ್ನಷ್ಟು ಹಳ್ಳಿಗಳ ಜೊತೆಗೆ ನಮ್ಮ ಹಳೆಯ ಊರಿನ ಉಳಿದ ಭಾಗಕ್ಕೂ ನೀರು ಬರುತ್ತದೆ. ಆ ಮಟ್ಟದೊಳಗಿನ ಜನ ಮನೆ ರಿಪೇರಿ ಮಾಡಿಸಬೇಕೋ ಬೇಡವೋ ತಿಳಿಯದೆ ಕುಳಿತಿದ್ದಾರೆ. ಇಲ್ಲಿ ಪ್ರಶ್ನೆ ಕೇಳಿದರೆ ಬದಲಾಗುವಂಥದ್ದು ಇನ್ನೂ ಬಹಳವಿದೆ.

ಊಟವಾದ ಮೇಲೆ ಹುಡುಗನನ್ನು ಹೊರಗೆ ಕರೆದು ಇದನ್ನೇ ಹೇಳಿದೆ. ಅವನ ಗೆಳೆಯನೊಬ್ಬನ ಮನೆಯೂ ಆ ಮಟ್ಟದೊಳಗೇ ಬರುತ್ತದಂತೆ. ಎಕರೆಗೆ ದರ ಎಷ್ಟು, ಹಣ ಒಂದೇ ಕಂತಿನಲ್ಲಿಯೋ ಹೇಗೆ, ಸೈಟು ಎಲ್ಲಿ ಎಂದು ಇಬ್ಬರೂ ಸೇರಿ ಬರವಣಿಗೆಯಲ್ಲಿ ಕೇಳಲಿ. ಅರ್ಜಿ ನಾನು ಬರೆದುಕೊಡುತ್ತೇನೆ. ಬುಧವಾರ ಮೂವರೂ ಪುನರ್ವಸತಿ ಕಚೇರಿಗೆ ಹೋಗಿ, ಕೊಟ್ಟು, ಸ್ವೀಕೃತಿ ಪಡೆದು ಬರುವುದೆಂದು ಮಾತಾಗಿದೆ.