ಅಜ್ಜಿ, ತೋಮಸ್ ಮತ್ತು ಪೀಠದ ಗಂಟೆ

ಈಸ್ಟರ್ ಆದ ಮರು ಭಾನುವಾರ ನಮ್ಮ ಕಥೋಲಿಕ ಗುಡಿಗಳಲ್ಲಿ ಪ್ರತಿ ವರ್ಷ ಬೈಬಲಿನ ಒಂದೇ ಶುಭಸಂದೇಶ ಓದುತ್ತಾರೆ. ಬೇರೆ ಭಾನುವಾರಗಳಲ್ಲಿ ಹೆಚ್ಚಿನವಕ್ಕೆ ವರ್ಷ ವರ್ಷವೂ ವಾಚನ ಬದಲಾಗುತ್ತದೆ, ಇದು ಮಾತ್ರ ಇಲ್ಲ. ಬಾಗಿಲು ಹಾಕಿಕೊಂಡು ಕೂತ ಶಿಷ್ಯರು, ನಡುವೆ ಬಂದು ನಿಂತ ಯೇಸುಸ್ವಾಮಿ, ಆ ಹೊತ್ತಿಗೆ ಅಲ್ಲಿರದ, ಗಾಯ ಮುಟ್ಟಿ ನೋಡದೆ ನಂಬಲ್ಲ ಅಂದ ಶಿಷ್ಯ ತೋಮಸ್. 2000ದಿಂದ ಇದನ್ನು ದೈವ ಕರುಣೆಯ ಭಾನುವಾರ ಅಂತಲೂ ಕರೆಯುತ್ತೇವೆ. ನನಗೆ ಅದು ಅಜ್ಜಿಯ ಭಾನುವಾರ.

ಅಜ್ಜಿಗೆ ಗ್ಲಾಕೋಮಾ, ದೃಷ್ಟಿ ಕಸಿಯುವ ಕಣ್ಣಿನ ಕಾಯಿಲೆ. ನಾನು ಹುಟ್ಟುವ ಹೊತ್ತಿಗೆ ಕಿಟಕಿ ಯಾವ ಕಡೆ ಇದೆ ಅನ್ನುವಷ್ಟು ಬೆಳಕು ಉಳಿದಿತ್ತಂತೆ. ನಾನು ಶಾಲೆಗೆ ಸೇರುವಾಗ ಅದೂ ಹೋಗಿತ್ತು. ಆದರೆ ಬೆಳಗಿನ ಪೂಜೆ ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಭುಜ ಹಿಡಿದುಕೊಂಡು ಬರುತ್ತಿದ್ದಳು. ಕೂರುವುದಕ್ಕೆ ಮಾತ್ರ ಮುಂದಿನ ಬೆಂಚೇ ಆಗಬೇಕು. "ಹಿಂದೆ ಕೂತರೆ ಏನೂ ಕಾಣಲ್ಲ ಕಣೇ" ಅನ್ನುತ್ತಿದ್ದಳು. ಅದು ತಮಾಷೆಯೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಗುರುಗಳು ಪರಮಪ್ರಸಾದವನ್ನು, ಅಂದರೆ ಸ್ವಾಮಿಯ ಶರೀರವೆಂದು ನಾವು ನಂಬುವ ರೊಟ್ಟಿಯನ್ನು, ಎತ್ತುವಾಗ ಪೀಠದ ಹುಡುಗ ಗಂಟೆ ಬಾರಿಸುತ್ತಾನಲ್ಲ, ಆಗ ಅಜ್ಜಿ ಮುಖ ಮೇಲೆತ್ತಿ ಮೆಲ್ಲಗೆ ಹೇಳುತ್ತಿದ್ದಳು: "ನನ್ನ ಸ್ವಾಮಿ, ನನ್ನ ದೇವರೇ." ತೋಮಸ್ ಹೇಳಿದ ಮಾತು ಅದು. ಆ ಕ್ಷಣದಲ್ಲಿ ಪರಮಪ್ರಸಾದವನ್ನು ನೋಡುತ್ತಾ ಹಾಗೆ ಹೇಳಿದವರಿಗೆ ಪಾಪದ ಶಿಕ್ಷೆಯಲ್ಲಿ ಮಾಫಿ ಉಂಟು ಎಂದು ಪೋಪ್ ಹತ್ತನೇ ಪಯಸ್ 1907ರಲ್ಲಿ ಸಾರಿದ್ದರು. "ನೋಡುತ್ತಾ" ಅನ್ನುವ ಮಾತು ಓದಿದಾಗ ನನಗೆ ಒಂಥರಾ ಆಯಿತು. ಹಾಗಾದರೆ ಅಜ್ಜಿಯ ಲೆಕ್ಕ ಏನು?

ಆ ಗಂಟೆಯ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಹಿತ್ತಾಳೆಯ ನಾಲ್ಕು ಪುಟ್ಟ ಗಂಟೆ, ಒಂದೇ ಹಿಡಿ. ಒಂದು ಗಂಟೆಗೆ ನಾಲಿಗೆ ಸಡಿಲ, ಅದು ಉಳಿದವಕ್ಕಿಂತ ಕೊಂಚ ತಡವಾಗಿ ಕಿಣಿ ಅನ್ನುತ್ತಿತ್ತು. ಅಜ್ಜಿ ಆ ಕೊನೆಯ ಕಿಣಿ ಮುಗಿಯುವವರೆಗೂ ತಲೆ ತಗ್ಗಿಸುತ್ತಿರಲಿಲ್ಲ. ಕೆಲವು ದಿನ ಮನೆಗೆ ಬರುವ ದಾರಿಯಲ್ಲಿ ಗೊಣಗುತ್ತಿದ್ದಳು: "ಇವತ್ತು ಆ ಹುಡುಗ ಮೊದಲೇ ಬಾರಿಸಿಬಿಟ್ಟ. ಫಾದರ್ ಇನ್ನೂ ಎತ್ತಿರಲೇ ಇಲ್ಲ." ನಾನು ನೋಡಿರುತ್ತಿದ್ದೆ. ಅವಳು ಹೇಳಿದ್ದು ಸರಿಯೇ ಇರುತ್ತಿತ್ತು.

ಒಮ್ಮೆ ಚೆನ್ನೈನ ಪರಂಗಿಮಲೆಗೆ ಹೋಗಿದ್ದೆವು. ಸಂತ ತೋಮಸರು ಪ್ರಾಣ ಕೊಟ್ಟ ಜಾಗ ಅಂತ ಹಿಂದಿನಿಂದ ನಂಬಿಕೊಂಡು ಬಂದ ಬೆಟ್ಟ. ಅಲ್ಲಿನ ಗುಡಿಯನ್ನು 1523ರಲ್ಲಿ ಪೋರ್ಚುಗೀಸರು ಕಟ್ಟಿದ್ದು. ಪೀಠದ ಹಿಂದಿನ ಗೋಡೆಯಲ್ಲಿ ಕಲ್ಲಿನ ಶಿಲುಬೆ ಇದೆ, ಸುತ್ತ ಪಹ್ಲವಿ ಎಂಬ ಹಳೆಯ ಪರ್ಷಿಯನ್ ಲಿಪಿಯ ಅಕ್ಷರ. 1558ರ ಡಿಸೆಂಬರ್ 18ರಂದು ಅದರಿಂದ ರಕ್ತ ಬೆವರಿತು ಅಂತ ಹೇಳುತ್ತಾರೆ. ಅಜ್ಜಿಗೆ ಆ ಶಿಲುಬೆಯ ಮೇಲೆ ಕೈಯಾಡಿಸಬೇಕು ಅಂತ ಬಹಳ ಆಸೆ. ಅವಳ ಕಣ್ಣು ಇದ್ದದ್ದೇ ಬೆರಳಲ್ಲಿ, ಅಲ್ವಾ? ಆದರೆ ಅಷ್ಟು ಹತ್ತಿರಕ್ಕೆ ನಮಗೆ ಹೋಗಲಾಗಲಿಲ್ಲ. ನನಗೆ ಅಳುವೇ ಬಂತು. ಅಜ್ಜಿ ಸುಮ್ನೆ ನಿಂತಿದ್ದವಳು ಹೇಳಿದಳು: "ಹೋಗ್ಲಿ ಬಿಡು. ತೋಮಸ್ ಮುಟ್ಟಿದ ಅಂತ ಎಲ್ಲಿ ಬರೆದಿದೆ?"

ಮನೆಗೆ ಬಂದು ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯ ತೆಗೆದು ನೋಡಿದೆ. ನಿಜ! "ಬೆರಳು ಇಡು, ಕೈ ಚಾಚು" ಅಂತ ಸ್ವಾಮಿ ಕರೆಯುತ್ತಾರೆ. ತೋಮಸ್ ಬೆರಳಿಟ್ಟ ಅಂತ ಒಂದು ಸಾಲೂ ಇಲ್ಲ. ನೇರ ಬಾಯಿಂದ ಮಾತೇ ಬರುತ್ತದೆ. ಕಾರವಾಜ್ಜೊನಂಥ ಚಿತ್ರಕಾರರು ಬೆರಳನ್ನು ಗಾಯದೊಳಕ್ಕೇ ತೂರಿಸಿಬಿಟ್ಟರು, ನಾವೂ ಅದನ್ನೇ ನಂಬಿಕೊಂಡೆವು. ಸಂಶಯದ ತೋಮಸ್ ಅಂತ ಯಾರಾದರೂ ಅಂದರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು. ಸತ್ತುಹೋದ ಗೆಳೆಯ ಲಾಜರನ ಊರಿಗೆ ಸ್ವಾಮಿ ಹೊರಟಾಗ, ಅಲ್ಲಿಗೆ ಹೋದರೆ ಕಲ್ಲೇಟು ಗ್ಯಾರಂಟಿ ಅಂತ ಉಳಿದವರು ಹಿಂಜರಿದಾಗ "ನಾವೂ ಹೋಗೋಣ, ಅವರ ಜೊತೆ ಸಾಯೋಣ" ಅಂದವನು ಅವನೇ ತಾನೇ, ಅದನ್ನು ಯಾಕೆ ಯಾರೂ ಹೇಳಲ್ಲ ಅನ್ನುವುದು ಅವಳ ತಕರಾರು.

"ಕಾಣದೆ ವಿಶ್ವಾಸಿಸುವವರು ಧನ್ಯರು" ಅಂದ ಸ್ವಾಮಿ ಈಗ ನಮ್ಮ ಗುಡಿಗೆ ಬಂದರೆ ಏನನ್ನುತ್ತಾರೋ. ಪರಮಪ್ರಸಾದ ಎತ್ತುವ ಹೊತ್ತಿಗೆ ಸರಿಯಾಗಿ ಮೊಬೈಲುಗಳೂ ಏಳುತ್ತವೆ. ಮದುವೆ ಪೂಜೆಗಳಲ್ಲಂತೂ ಕ್ಯಾಮೆರಾದವರ ಬೆನ್ನೇ ಜಾಸ್ತಿ ಕಾಣುವುದು. ಮೊಣಕಾಲೂರುವವರು ಕಡಿಮೆ. ಬೇರೆಯವರನ್ನು ಯಾಕೆ ಅನ್ನಲಿ, ಕಳೆದ ಕ್ರಿಸ್ಮಸ್‌ನಲ್ಲಿ ನಾನೂ ವಿಡಿಯೋ ಮಾಡಿದವಳೇ. ಅದನ್ನು ಒಂದು ಸಲವೂ ತೆಗೆದು ನೋಡಿಲ್ಲ.

ಈ ಸಲದ ಆ ಭಾನುವಾರ ಮುಂದಿನ ಬೆಂಚಿನಲ್ಲೇ ಕೂತೆ. ಪೀಠದಲ್ಲಿ ಹೊಸ ಹುಡುಗ. ಗುರುಗಳು ಪರಮಪ್ರಸಾದ ಎತ್ತಿದರು. ಹುಡುಗ ಎತ್ತಲೋ ನೋಡುತ್ತಿದ್ದ. ಗಂಟೆ ಇಲ್ಲ. ನನ್ನ ಬಾಯಿ ಅಷ್ಟರಲ್ಲೇ ಹೇಳಿ ಮುಗಿಸಿತ್ತು, ಅಜ್ಜಿಯದೇ ರಾಗದಲ್ಲಿ. ಆಮೇಲೆ ಗಡಿಬಿಡಿಯಲ್ಲಿ ಗಂಟೆ ಬಂತು. ಪಕ್ಕದಲ್ಲಿ ಅಜ್ಜಿ ಇದ್ದಿದ್ದರೆ ದಾರಿಯುದ್ದಕ್ಕೂ ಆ ಹುಡುಗನಿಗೆ ಬೈಗುಳ ಇತ್ತು.