ನಾನೂ ಅಮ್ಮನೇ

ನಮ್ಮ ಮಗಳನ್ನು ಹೆತ್ತವಳು ನನ್ನ ಹೆಂಡತಿ. ನಾನು ಅವಳ ಇನ್ನೊಬ್ಬ ಅಮ್ಮ. ಇಂಗ್ಲೆಂಡಿನಲ್ಲಿ 2009ರಿಂದ ಜನನ ಪತ್ರದಲ್ಲಿ ಇಬ್ಬರು ಹೆಂಗಸರ ಹೆಸರು ಬರೆಸಬಹುದು, ಹಾಗಾಗಿ ಕಾಗದಪತ್ರಕ್ಕೆ ತೊಂದರೆ ಆಗಲಿಲ್ಲ.

ಮನೆಗೆ ಬಂದ ನರ್ಸ್ ನನ್ನ ಹೆಂಡತಿಯ ಕೈಗೆ ಎಡಿನ್‌ಬರೋ ಪ್ರಶ್ನಾವಳಿ ಕೊಟ್ಟರು. ಬಾಣಂತಿಯರ ಖಿನ್ನತೆ ಗುರುತಿಸಲು 1987ರಲ್ಲಿ ಬಂದದ್ದು, 10 ಪ್ರಶ್ನೆ ಅಷ್ಟೇ. ಈ ವಾರ ಸುಮ್ಸುಮ್ನೆ ಭಯ ಆಯ್ತಾ? ಅಳು ಬಂತಾ? ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದ ನಾನು ಮನಸ್ಸಲ್ಲೇ ಉತ್ತರ ಕೊಡುತ್ತಾ ಹೋದೆ. ಭಯಕ್ಕೂ ಹೌದು, ಅಳುವಿಗೂ ಹೌದು. ನನ್ನನ್ನು ಯಾರೂ ಕೇಳಲಿಲ್ಲ. ಹೆರದೇ ಇದ್ದವಳಿಗೂ ಹೀಗಾಗುತ್ತದೆ, ನಿದ್ದೆಗೆಟ್ಟ ಮನಸ್ಸು ಯಾರದಾದರೂ ಕುಸಿಯುತ್ತದೆ ಅಲ್ವಾ?

ಬಾಣಂತನಕ್ಕೆ ಮೈಸೂರಿಂದ ನನ್ನ ಅಮ್ಮ ಬಂದಿದ್ದರು. ನಮ್ಮ ಮದುವೆಗೆ ಬಂದಿರಲಿಲ್ಲ. ಬೆಳ್ಳುಳ್ಳಿ ಹುರಿದು, ಮೆಣಸಿನ ಸಾರು ಮಾಡಿ, ಅನ್ನಕ್ಕೆ ತುಪ್ಪ ಹಾಕಿ ಎರಡು ತಟ್ಟೆ ತಂದರು. "ನೀನೂ ರಾತ್ರಿಯೆಲ್ಲಾ ಎದ್ದಿರ್ತೀಯಲ್ಲೇ, ಉಣ್ಣು" ಅಂದರು. ಆಮೇಲೆ ಡಾಕ್ಟರ ಹತ್ತಿರ ಹೋಗು ಅಂತ ಹೇಳಿದ್ದೂ ಅವರೇ. ಈಗ ಹೋಗುತ್ತಿದ್ದೇನೆ. ಮನಸ್ಸು ಬಿಚ್ಚಿ ಮಾತಾಡಿದ ಮೇಲೆ ಸ್ವಲ್ಪ ಹಗುರ ಅನ್ನಿಸುತ್ತಿದೆ.

ಊರಲ್ಲಿರುವ ನಮ್ಮಂಥ ಜೋಡಿಗಳ ನೆನಪು ಜಾಸ್ತಿ ಆಗುತ್ತಿದೆ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮದುವೆಯ ಹಕ್ಕು ಕೊಡಲಿಲ್ಲ, ಒಟ್ಟಿಗೆ ದತ್ತು ಪಡೆಯುವುದಕ್ಕೂ ಒಪ್ಪಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡ್ ಇದೆ. ಅಲ್ಲಿಗೆ ಇಬ್ಬರು ಅಮ್ಮಂದಿರು ಧೈರ್ಯವಾಗಿ ಹೋಗುವ ದಿನ ಬೇಗ ಬರಲಿ ಅಂತ ನನಗೆ ತುಂಬಾ ಆಸೆ.